ಅಂಗಡಿಯ ಮುಂಭಾಗ ಮತ್ತು ಬಾಡಿಗೆ ಕರಾರು: ಇಂಗ್ಲೆಂಡಿನ ಕೌನ್ಸಿಲ್ ಅನುದಾನಗಳ ಬಗ್ಗೆ ಒಂದು ಮರುಚಿಂತನೆ

ಇಂಗ್ಲೆಂಡಿನ ಪೇಟೆಬೀದಿಗಳಲ್ಲಿ ಸಣ್ಣ ವ್ಯಾಪಾರಿಗಳು ಅಂಗಡಿಯ ಮುಂಭಾಗವನ್ನು ಸುಧಾರಿಸಿಕೊಳ್ಳಲು ಸ್ಥಳೀಯ ಕೌನ್ಸಿಲ್‌ಗಳು ಅನುದಾನ ಕೊಡುವ ಪದ್ಧತಿ ಈಗ ಹಳೆಯದಾಗಿದೆ. ಹೆರಿಟೇಜ್ ಲಾಟರಿ ಫಂಡ್ 1998ರಲ್ಲಿ ಆರಂಭಿಸಿದ ಟೌನ್‌ಸ್ಕೇಪ್ ಹೆರಿಟೇಜ್ ಇನಿಶಿಯೇಟಿವ್ ಇದಕ್ಕೆ ದೊಡ್ಡ ಪ್ರಮಾಣದ ಹಣ ತಂದಿತು. ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆ 2020ರಿಂದ 2024ರವರೆಗೆ ನಡೆಸಿದ ಹೈ ಸ್ಟ್ರೀಟ್ಸ್ ಹೆರಿಟೇಜ್ ಆ್ಯಕ್ಷನ್ ಜೋನ್ಸ್ ಯೋಜನೆಗೆ 9.5 ಕೋಟಿ ಪೌಂಡ್ ಮೀಸಲಾಗಿತ್ತು; ಅರವತ್ತಕ್ಕೂ ಹೆಚ್ಚು ಬೀದಿಗಳು ಅದರ ವ್ಯಾಪ್ತಿಗೆ ಬಂದವು. ಇಂಥ ಅನುದಾನದಿಂದ ಬೀದಿಯ ನೋಟ ಸುಧಾರಿಸುತ್ತದೆ ಎಂಬುದರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಸುಧಾರಣೆಯ ಲಾಭ ಕೊನೆಗೆ ಯಾರ ಪಾಲಾಗುತ್ತದೆ ಎಂಬುದೇ ವಿವಾದದ ವಿಷಯ.

ಈ ಚರ್ಚೆಯಲ್ಲಿ ಎರಡು ಕೃತಿಗಳ ಪ್ರಭಾವ ದೊಡ್ಡದು. ಶರೋನ್ ಜುಕಿನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನವು ನ್ಯೂಯಾರ್ಕಿನ ಹಾರ್ಲೆಮ್ ಮತ್ತು ವಿಲಿಯಮ್ಸ್‌ಬರ್ಗ್ ಪ್ರದೇಶಗಳಲ್ಲಿ ಹೊಸ ಬಂಡವಾಳದ ಬೂಟಿಕ್‌ಗಳು ಹಳೆಯ ಅಂಗಡಿಗಳ ಜಾಗಕ್ಕೆ ಬಂದ ಬಗೆಯನ್ನು ತೋರಿಸಿತು. ಫಿಲ್ ಹಬಾರ್ಡ್ 2017ರ 'ದಿ ಬ್ಯಾಟಲ್ ಫಾರ್ ದಿ ಹೈ ಸ್ಟ್ರೀಟ್' ಗ್ರಂಥದಲ್ಲಿ, ಪೇಟೆಬೀದಿಯ ಪುನಶ್ಚೇತನದ ಮಾತಿನ ಹಿಂದೆ ದುಡಿಯುವ ವರ್ಗದ ಅಂಗಡಿಗಳ ಬಗೆಗಿನ ಅಸಹ್ಯ ಅಡಗಿದೆ ಎಂದು ವಾದಿಸಿದರು. ಎರಡೂ ಗಟ್ಟಿ ಕೃತಿಗಳು. ಆದರೆ ಅವೆರಡನ್ನೂ ಸೇರಿಸಿ ಓದಿ, ಅಂಗಡಿಯ ಮುಂಭಾಗ ಚೆಂದವಾದರೆ ಬಾಡಿಗೆ ಏರುತ್ತದೆ, ಬಾಡಿಗೆ ಏರಿದರೆ ಸಣ್ಣ ವ್ಯಾಪಾರಿ ಎದ್ದು ಹೋಗುತ್ತಾನೆ ಎಂಬ ಸರಳ ಸೂತ್ರವನ್ನು ಇಂಗ್ಲೆಂಡಿಗೆ ಹಚ್ಚುವುದು ಸರಿಯಲ್ಲ. ಈ ಸೂತ್ರದಲ್ಲಿ ಬಾಡಿಗೆಯ ಕಾನೂನಿಗೆ ಸ್ಥಾನವೇ ಇಲ್ಲ.

ನ್ಯೂಯಾರ್ಕಿನಲ್ಲಿ ಕರಾರಿನ ಅವಧಿ ಮುಗಿದ ಅಂಗಡಿಯವನಿಗೆ ಅದನ್ನು ನವೀಕರಿಸಿಕೊಳ್ಳುವ ಶಾಸನಬದ್ಧ ಹಕ್ಕಿಲ್ಲ. ಅಂಥ ಹಕ್ಕು ಕೊಡುವ ಮಸೂದೆ 1980ರ ದಶಕದಿಂದ ಮತ್ತೆ ಮತ್ತೆ ಮಂಡನೆಯಾದರೂ ಅಂಗೀಕಾರವಾಗಿಲ್ಲ. ಇಂಗ್ಲೆಂಡಿನಲ್ಲಿ 1954ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆ್ಯಕ್ಟ್‌ನ ಎರಡನೆಯ ಭಾಗ ವ್ಯಾಪಾರಿ ಬಾಡಿಗೆದಾರನಿಗೆ ಆ ಹಕ್ಕು ಕೊಟ್ಟಿದೆ. ಕಟ್ಟಡವನ್ನು ಕೆಡವಿ ಕಟ್ಟುವುದು, ಮಾಲೀಕನ ಸ್ವಂತ ಬಳಕೆ ಮೊದಲಾದ ನಿಗದಿತ ಕಾರಣಗಳಿದ್ದರೆ ಮಾತ್ರ ನವೀಕರಣವನ್ನು ನಿರಾಕರಿಸಬಹುದು.

ನಮ್ಮ ವಿಷಯಕ್ಕೆ ಇನ್ನೂ ಮುಖ್ಯವಾದದ್ದು ಇದೇ ಕಾಯ್ದೆಯ 34ನೇ ಕಲಮು. ಹೊಸ ಬಾಡಿಗೆ ನಿಗದಿಯಾಗುವುದು ಮಾರುಕಟ್ಟೆ ದರದಲ್ಲೇ. ಆದರೆ ಬಾಡಿಗೆದಾರ ತಾನೇ ಮಾಡಿಸಿದ ಸುಧಾರಣೆಯಿಂದ ಹೆಚ್ಚಿದ ಮೌಲ್ಯವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಇದಕ್ಕೆ ಷರತ್ತುಗಳಿವೆ. ಕೆಲಸ ಮಾಡಿಸಿದವನು ಆ ಹೊತ್ತಿಗೆ ಬಾಡಿಗೆದಾರನಾಗಿರಬೇಕು. ತನ್ನ ನೇರ ಮಾಲೀಕನಿಗೆ ಒಪ್ಪಿಕೊಂಡ ಹೊಣೆಯಾಗಿ ಅದನ್ನು ಮಾಡಿಸಿರಬಾರದು. ಸುಧಾರಣೆ ಚಾಲ್ತಿಯಲ್ಲಿರುವ ಕರಾರಿನ ಅವಧಿಯದಾಗಿರಬೇಕು ಅಥವಾ ಸ್ಥೂಲವಾಗಿ ಹೇಳುವುದಾದರೆ ಹಿಂದಿನ 21 ವರ್ಷಗಳೊಳಗಿನದಾಗಿರಬೇಕು.

ಒಂದು ಸಾಮಾನ್ಯ ಅರ್ಜಿಯನ್ನು ಹತ್ತಿರದಿಂದ ನೋಡಿದರೆ ಇದರ ಅರ್ಥ ಸ್ಪಷ್ಟವಾಗುತ್ತದೆ. ಒಳಗಿನಿಂದ ದೀಪ ಉರಿಯುವ ಪ್ಲಾಸ್ಟಿಕ್ ಪೆಟ್ಟಿಗೆ ಬೋರ್ಡು ತೆಗೆದು ಬಣ್ಣ ಬಳಿದ ಮರದ ನಾಮಫಲಕ ಹಾಕಬೇಕು. ಬೀದಿಗೆ ಗೋಡೆಯಂತೆ ಕಾಣುವ ಮುಚ್ಚಿದ ಶಟರಿನ ಬದಲು ರಾತ್ರಿಯೂ ಒಳಗಿನ ಬೆಳಕು ಹೊರಗೆ ಬೀಳುವ ಜಾಲರಿ ಶಟರು ಬೇಕು. ಗಾಜಿನ ಕೆಳಗಿನ ಗಿಡ್ಡ ಗೋಡೆ ಸರಿಯಾಗಬೇಕು. ಅರ್ಜಿದಾರ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ದರಪಟ್ಟಿ ತರುತ್ತಾನೆ, ಮಾಲೀಕನ ಒಪ್ಪಿಗೆ ಪತ್ರ ಲಗತ್ತಿಸುತ್ತಾನೆ, ವೆಚ್ಚದ ಒಂದು ಪಾಲು ತಾನು ಹಾಕುತ್ತಾನೆ, ಬಿಲ್ಲು ಕಟ್ಟಿದ ಮೇಲೆ ಅನುದಾನ ಪಡೆಯುತ್ತಾನೆ. ಹೀಗೆ ಗುತ್ತಿಗೆದಾರನನ್ನು ನೇಮಿಸಿ ಹಣ ಕೊಟ್ಟವನು ಬಾಡಿಗೆದಾರನೇ ಆದಾಗ, ಸುಧಾರಣೆ 34ನೇ ಕಲಮಿನ ರಕ್ಷಣೆಗೆ ಒಳಪಡುತ್ತದೆ ಎನ್ನಲು ಬಲವಾದ ಆಧಾರವಿದೆ. ಕೌನ್ಸಿಲ್ ಇಡೀ ಬೀದಿಗೆ ತಾನೇ ಗುತ್ತಿಗೆದಾರನನ್ನು ನೇಮಿಸಿ ಕೆಲಸ ಮಾಡಿಸಿದರೆ ಆ ಆಧಾರ ಸಡಿಲವಾಗುತ್ತದೆ. ಬೀದಿಯಲ್ಲಿ ನಿಂತು ನೋಡುವವರಿಗೆ ಎರಡೂ ಒಂದೇ. ಬಾಡಿಗೆ ನಿಗದಿಯಾಗುವ ದಿನ ಮಾತ್ರ ಒಂದೇ ಅಲ್ಲ.

ಇದರಿಂದ ನಾನು ಮುಂದಿಡುವ ವಾದ ಇಷ್ಟು: ಅನುದಾನ ಸಣ್ಣ ವ್ಯಾಪಾರಿಯ ಕೈ ಹಿಡಿಯುತ್ತದೆಯೋ ಬಿಡುತ್ತದೆಯೋ ಎಂಬುದನ್ನು ಮುಂಭಾಗದ ವಿನ್ಯಾಸಕ್ಕಿಂತ ಹೆಚ್ಚಾಗಿ ಕಾಗದಪತ್ರಗಳ ಸ್ವರೂಪ ನಿರ್ಧರಿಸುತ್ತದೆ. ಮಾಲೀಕನ ಒಪ್ಪಿಗೆ ಪತ್ರದಲ್ಲಿ ಬಾಡಿಗೆದಾರ ಈ ಕೆಲಸ 'ಮಾಡಬಹುದು' ಎಂದು ಬರೆದರೆ ಒಂದು ಫಲ. 'ಮಾಡತಕ್ಕದ್ದು' ಎಂದು ಬರೆದರೆ ಅದು ಮಾಲೀಕನಿಗೆ ಸಲ್ಲಬೇಕಾದ ಹೊಣೆಯಾಗಿತ್ತೆಂಬ ವಾದಕ್ಕೆ ಎಡೆಯಾಗುತ್ತದೆ. ಕೌನ್ಸಿಲ್ಲೇ ಅಂಗಡಿ ಸಾಲಿನ ಒಡೆತನ ಹೊಂದಿರುವ ಕಡೆ ತೊಡಕು ಇನ್ನೂ ಹೆಚ್ಚು. ಅನುದಾನದ ಕರಾರಿನಲ್ಲಿ ಕೆಲಸ ಮುಗಿಸಲು ಬಾಡಿಗೆದಾರ ಒಪ್ಪಿಕೊಂಡಾಗ, ಅವನು ತನ್ನ ನೇರ ಮಾಲೀಕನಿಗೇ ಮಾತು ಕೊಟ್ಟಂತಾಗುತ್ತದೆ. ಹಾಗಾದರೆ ಕೌನ್ಸಿಲ್ ಒಂದು ಕೈಯಲ್ಲಿ ಕೊಟ್ಟದ್ದನ್ನು ಬಾಡಿಗೆಯ ರೂಪದಲ್ಲಿ ಇನ್ನೊಂದು ಕೈಯಲ್ಲಿ ಹಿಂಪಡೆಯುವ ಸಾಧ್ಯತೆ ಉಳಿಯುತ್ತದೆ.

ಈ ವಾದಕ್ಕೆ ಮಿತಿಗಳಿವೆ. ಮೊದಲನೆಯದಾಗಿ, ಇದು ಕಾಯ್ದೆಯ ಮಾತುಗಳ ಓದಿನಿಂದ ಹೊರಡುವ ತೀರ್ಮಾನ. ಅಲ್ಲದೆ, ಕರಾರಿನಲ್ಲಿ ಸ್ಪಷ್ಟವಾದ ಒಂದು ವಾಕ್ಯ ಸೇರಿಸಿ ಹೊಣೆಯ ತೊಡಕನ್ನು ನಿವಾರಿಸಬಹುದು. ಎರಡನೆಯದಾಗಿ, 34ನೇ ಕಲಮು ಅನ್ವಯಿಸುವುದು ನವೀಕರಣದ ಹೊತ್ತಿಗೆ. ಅವಧಿಯ ನಡುವೆ ಬಾಡಿಗೆ ಪರಿಷ್ಕರಣೆಯಾದರೆ ಆ ಕರಾರಿನ ಷರತ್ತುಗಳೇ ಅಂತಿಮ. ಮೂರನೆಯದಾಗಿ, ಉಭಯ ಪಕ್ಷಗಳು ಒಪ್ಪಿ ಕರಾರನ್ನು ಕಾಯ್ದೆಯ ರಕ್ಷಣೆಯಿಂದ ಹೊರಗಿಡಲು ಅವಕಾಶವಿದೆ. 2004ರಿಂದ ಇದಕ್ಕೆ ನ್ಯಾಯಾಲಯದ ಅನುಮತಿ ಬೇಕಿಲ್ಲ. ಮುನ್ನೆಚ್ಚರಿಕೆಯ ನೋಟಿಸು ಮತ್ತು ಬಾಡಿಗೆದಾರನ ಘೋಷಣೆ ಸಾಕು. ಹೀಗೆ ರಕ್ಷಣೆ ಬಿಟ್ಟುಕೊಟ್ಟವನ ಸ್ಥಿತಿ ನ್ಯೂಯಾರ್ಕಿನ ಅಂಗಡಿಯವನ ಸ್ಥಿತಿಗೆ ಹತ್ತಿರವಾಗುತ್ತದೆ. ಅಲ್ಲಿ ಜುಕಿನ್ ಅವರ ಎಚ್ಚರಿಕೆಗೆ ಪೂರ್ಣ ಬೆಲೆಯಿದೆ.

ನಾಲ್ಕನೆಯ ಮಿತಿ ಎಲ್ಲಕ್ಕಿಂತ ಗಂಭೀರವಾದದ್ದು. ಕಾಯ್ದೆ ಲೆಕ್ಕದಿಂದ ಬಿಟ್ಟುಬಿಡುವುದು ಬಾಡಿಗೆದಾರ ತನ್ನ ಅಂಗಡಿಗೆ ಮಾಡಿಸಿದ ಸುಧಾರಣೆಯನ್ನು ಮಾತ್ರ. ಒಂದೇ ಸಾಲಿನ ಇಪ್ಪತ್ತು ಅಂಗಡಿಗಳು ಒಟ್ಟಿಗೆ ಸುಧಾರಿಸಿದರೆ, ಉಳಿದ ಹತ್ತೊಂಬತ್ತರಿಂದ ಬೀದಿಗೆ ಬಂದ ಬೆಲೆ ಅವನ ಬಾಡಿಗೆಯಲ್ಲಿ ಸೇರಿಕೊಳ್ಳುತ್ತದೆ. ವ್ಯಾಪಾರ ತೆರಿಗೆಗೂ ಬಾಡಿಗೆ ಮೌಲ್ಯವೇ ಆಧಾರ. ಒಂದೇ ಅಂಗಡಿ ನಡೆಸುವವನಿಗೆ ಇಂಗ್ಲೆಂಡಿನಲ್ಲಿ ತೆರಿಗೆ ಮೌಲ್ಯ 12,000 ಪೌಂಡ್ ಮೀರದಿದ್ದರೆ ಪೂರ್ಣ ವಿನಾಯಿತಿ ಸಿಗುತ್ತದೆ. ಅಲ್ಲಿಂದ ಅದು ಕರಗುತ್ತಾ 15,000ಕ್ಕೆ ಮುಗಿಯುತ್ತದೆ. ಈ ಗಡಿಯ ಅಂಚಿನಲ್ಲಿರುವವನಿಗೆ ನೆರೆಯವರ ಏಳಿಗೆಯೇ ಹೊರೆಯಾಗಬಹುದು. ಬೀದಿಯನ್ನು ಘಟಕವಾಗಿ ತೆಗೆದುಕೊಂಡಾಗ ಹಬಾರ್ಡ್ ಅವರ ಆತಂಕ ಸರಿಯೆನಿಸುತ್ತದೆ. ಒಂದೊಂದೇ ಅಂಗಡಿಯನ್ನು ತೆಗೆದುಕೊಂಡಾಗ ಅಷ್ಟಾಗಿ ಸರಿಯೆನಿಸುವುದಿಲ್ಲ.

ಕರಾರೇ ಇಲ್ಲದವರ ಪ್ರಶ್ನೆ ಇನ್ನೂ ಉಳಿದಿದೆ. ಲಂಡನ್ನಿನ ಪೆಕಮ್ ಪ್ರದೇಶದ ರೈ ಲೇನ್‌ನಲ್ಲಿ ಸುಝಾನ್ ಹಾಲ್ ನಡೆಸಿದ ಅಧ್ಯಯನವು ಒಂದೇ ಅಂಗಡಿಯನ್ನು ಮೊಬೈಲ್ ಮಾರಾಟ, ಹಣ ರವಾನೆ, ಕೇಶಾಲಂಕಾರ ಎಂದು ಹಲವರು ಹಂಚಿಕೊಂಡು ಬದುಕುವ ಬಗೆಯನ್ನು ದಾಖಲಿಸಿದೆ. ಅದೇ ಪೆಕಮ್‌ನಲ್ಲಿ ಟೌನ್‌ಸ್ಕೇಪ್ ಹೆರಿಟೇಜ್ ಅನುದಾನವೂ ಬಂದಿತು. ಬರೀ ಪರವಾನಗಿಯ ಮೇಲೆ ಮೂಲೆಯೊಂದರಲ್ಲಿ ಕುರ್ಚಿ ಹಾಕಿಕೊಂಡವನಿಗೆ 1954ರ ಕಾಯ್ದೆ ನೆರವಾಗುವುದಿಲ್ಲ. ಇಂಥವರ ಮೇಲೆ ಮುಂಭಾಗದ ಸುಧಾರಣೆ ಬೀರುವ ಪರಿಣಾಮ ಪ್ರತ್ಯೇಕ ಕ್ಷೇತ್ರಕಾರ್ಯವನ್ನು ಬೇಡುತ್ತದೆ. ನೆರೆಯ ಅಂಗಡಿಗಳಿಂದ ಬರುವ ಬಾಡಿಗೆ ಏರಿಕೆಯನ್ನು ಅಳೆಯುವ ಕೆಲಸವೂ ಮುಂದಿನ ಸಂಶೋಧಕರದು.

ಆ ಅಧ್ಯಯನಗಳಿಗೆ ಕಾಯದೆ ಕೌನ್ಸಿಲ್‌ಗಳು ಈಗಲೇ ಮಾಡಬಹುದಾದ ಕೆಲಸವೊಂದಿದೆ. ಅನುದಾನದ ಅರ್ಜಿಯೊಂದಿಗೆ ವಿನ್ಯಾಸದ ನಕ್ಷೆಯನ್ನು ಕೇಳುವಂತೆ ಬಾಡಿಗೆ ಕರಾರಿನ ಪ್ರತಿಯನ್ನೂ ಕೇಳಬೇಕು, ಮತ್ತು ಈ ಸುಧಾರಣೆಯನ್ನು ಬಾಡಿಗೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಮಾಲೀಕನಿಂದ ಬರೆಸಿಕೊಂಡ ಮೇಲೆಯೇ ಹಣ ಬಿಡುಗಡೆ ಮಾಡಬೇಕು.