ಪೀರನವಾಡಿಯಿಂದ ನಂದಗಡಕ್ಕೆ: ಯುದ್ಧದ ಕಥೆ ಎಲ್ಲಿಂದ ಓದೋದು? (ಭಾಗ 3)

ದೋಸ್ತರೇ, ನಮ್ಮ ಪೀರನವಾಡಿಯ ರಾಯಣ್ಣನ ಮೂರ್ತಿ ಮುಂದೆ ದಿನಾ ಓಡಾಡ್ತೀರಿ. 2020ರ ಆಗಸ್ಟ್‌ನಲ್ಲಿ ಅದರ ಸಲುವಾಗಿ ಎಷ್ಟು ಗಲಾಟೆ ಆತು, ನೆನಪೈತಲ್ಲ? ಕಡೆಗೆ ಮೂರ್ತಿ ರಾಯಣ್ಣಂದು, ಚೌಕಕ್ಕೆ ಶಿವಾಜಿ ಮಹಾರಾಜರ ಹೆಸರು ಅಂತ ಎರಡೂ ಕಡೆಯವರು ಒಪ್ಪಿದ್ರು. ಆಗ ಸಾಲಿ ಬಂದ್, ಜಗಳ ಎಲ್ಲಾ ವಾಟ್ಸಾಪ್‌ನಲ್ಲಿ. ಮರಾಠಿ ಮಾತಾಡೋ ನನ್ನ ಗೆಳೆಯ ಒಂದೇ ಪ್ರಶ್ನೆ ಕೇಳಿದ್ದ: "ರಾಯಣ್ಣ ಯಾಕ ಹೋರಾಡಿದ, ಹೇಳು." ನನಗೆ ಗೊತ್ತಿರಲಿಲ್ಲ. ಉತ್ತರದ ಬದಲು ಬೈಗುಳ ಟೈಪ್ ಮಾಡಿದೆ. ಅವನು ಗ್ರೂಪ್ ಬಿಟ್ಟ.

ಉತ್ತರ ಇದು. ರಾಯಣ್ಣ ಶೇತ್ಸನದಿ, ಅಂದ್ರೆ ಊರ ಕಾವಲು ಕೆಲಸಕ್ಕೆ ಪ್ರತಿಯಾಗಿ ಹೊಲ ಪಡೆದವನು. 1824ರ ಅಕ್ಟೋಬರ್ 23ಕ್ಕೆ ಕಿತ್ತೂರಿನವರು ಕಲೆಕ್ಟರ್ ಥ್ಯಾಕರೆಯನ್ನು ಕೊಂದರು. ಡಿಸೆಂಬರ್‌ನಲ್ಲಿ ಕೋಟೆ ಬಿತ್ತು. ಆಮೇಲೆ ಕಂಪನಿ ಸರ್ಕಾರ ಇಂಥವರ ಹೊಲ ಕಿತ್ತುಕೊಂಡು ಉಳಿದದ್ದಕ್ಕೂ ತೆರಿಗೆ ಏರಿಸಿತು. ರಾಯಣ್ಣನ ಹೊಲವೂ ಹೋಯ್ತು. ಅವನು ಸರ್ಕಾರಿ ಕಚೇರಿಗಳಿಗೆ ಬೆಂಕಿ ಹಚ್ಚಿದ್ದರ ಹಿಂದೆ ಕಿತ್ತೂರಿನ ಅಭಿಮಾನದ ಜೊತೆ ಹೊಲದ ಸಿಟ್ಟೂ ಇತ್ತು. ಇದನ್ನ ಯಾವ ಬ್ಯಾನರ್ ಮ್ಯಾಲೂ ನಾನು ನೋಡಿಲ್ಲ.

(ಒಂದು ಮಜಾ: ಆ ಥ್ಯಾಕರೆ, ಕಾದಂಬರಿಕಾರ ವಿಲಿಯಂ ಥ್ಯಾಕರೆಯ ಚಿಕ್ಕಪ್ಪ! ಅಣ್ಣನ ಮಗ ಮುಂದೆ ವಾಟರ್ಲೂ ಯುದ್ಧದ ಕಾಲ ಇಟ್ಕೊಂಡು 'ವ್ಯಾನಿಟಿ ಫೇರ್' ಬರೆದ.)

ಈಗ ಓದೋ ವಿಷಯಕ್ಕೆ ಬರೋಣ. ಕನ್ನಡದಾಗ "ಯಂಗ್ ಅಡಲ್ಟ್" ಅಂತ ಬೇರೆ ಕಪಾಟು ಹುಡುಕಬ್ಯಾಡ್ರಿ. ಹತ್ತನೇ ಕ್ಲಾಸಿನ 'ಹಲಗಲಿ ಬೇಡರು' ಲಾವಣಿ ಮತ್ತೆ ತೆಗೀರಿ. ಪರೀಕ್ಷೆಗೆ ಬಾಯಿಪಾಠ ಮಾಡಿ ಬಿಟ್ಟಿದ್ದೀವಿ, ಅಷ್ಟೇ. 1857ರಲ್ಲಿ ಆಯುಧ ಒಪ್ಪಿಸಿ ಅಂದಾಗ ಒಪ್ಪದ ಊರು ಅದು. ನನಗೆ ಅದರಲ್ಲಿ ಹಿಡಿಸಿದ್ದು ಬಡಿದಾಟ ಅಲ್ಲ, ಲೂಟಿಯ ಪಟ್ಟಿ: ಕೊಡಲಿ, ಬೆಣ್ಣೆ, ಉಪ್ಪು, ಎಣ್ಣೆ, ಅರಿಷಿಣ, ಜೀರಗಿ. ಸೈನ್ಯ ಅಡಿಗಿಮನಿ ತನಕ ಬಂದಿತ್ತು ಅಂತ ಲೆಕ್ಕ. ಸರ್ಕಾರಿ ವರದಿ ಜೀರಗಿ ಲೆಕ್ಕ ಇಡ್ತದೇನು?

ಆಮೇಲೆ ಬಸವರಾಜ ಕಟ್ಟೀಮನಿಯವರ 'ಮಾಡಿ ಮಡಿದವರು', 1942ರ ಚಳವಳಿಯ ಕಾದಂಬರಿ. ಅವರು ನಮ್ಮ ಗೋಕಾಕ ತಾಲ್ಲೂಕಿನವರು, ಆ ಚಳವಳಿಯಲ್ಲಿ ಸ್ವತಃ ಜೈಲು ಕಂಡವರು. ನನ್ನ ಕೇಳಿದ್ರೆ ಮೊದಲು ಇದನ್ನೇ ಹಿಡೀರಿ. ದಪ್ಪ ಪುಸ್ತಕಕ್ಕೆ ಹೆದರದವರಿಗೆ 1779ರ ಚಿತ್ರದುರ್ಗದ ಪತನದ ಮೇಲೆ ತರಾಸು ಬರೆದ 'ದುರ್ಗಾಸ್ತಮಾನ', 1834ರಲ್ಲಿ ಕೊಡಗು ಇಂಗ್ಲಿಷರ ಪಾಲಾದ ಕಥೆಗೆ ಮಾಸ್ತಿಯವರ 'ಚಿಕವೀರ ರಾಜೇಂದ್ರ'. ಮಾಸ್ತಿಯಲ್ಲಿ ಹೀರೋನೇ ಇಲ್ಲ, ಅದಕ್ಕೇ ಓದ್ರಿ. 2012ರ ರಾಯಣ್ಣನ ಸಿನಿಮಾ ನೋಡಿದವರು ಒಂದು ಕೆಲಸ ಮಾಡ್ರಿ: ಯಾವ ದೃಶ್ಯ ದಾಖಲೆಯಿಂದ ಬಂತು, ಯಾವುದು ಲಾವಣಿಯಿಂದ, ಯಾವುದು ಬರೀ ಫೈಟ್ ಮಾಸ್ಟರ್‌ದು ಅಂತ ಮೂರು ಕಾಲಂ ಹಾಕ್ರಿ.

ಇನ್ನು ಜಾಗ. ಖಾನಾಪುರ ದಾಟಿದ್ರೆ ನಂದಗಡ. 1831ರ ಜನವರಿ 26ಕ್ಕೆ ರಾಯಣ್ಣನನ್ನು ಗಲ್ಲಿಗೇರಿಸಿದ್ದು ಅಲ್ಲೇ. ಸಮಾಧಿ ಹತ್ರದ ಆಲದ ಮರ ಅವನ ಗೆಳೆಯ ನೆಟ್ಟದ್ದು ಅಂತ ಜನ ಹೇಳ್ತಾರೆ. ದಾಖಲೆಯೋ ಕಥೆಯೋ, ನಿಮ್ಮ ಕಾಲಂ ನೀವೇ ತುಂಬ್ರಿ.

ಈ ಭಾನುವಾರ ನಾನು ಹೊಂಟೀನಿ. ಆ ಗೆಳೆಯನಿಗೂ ಮೆಸೇಜ್ ಹಾಕೀನಿ: ಮೊದಲು ಸಾರಿ, ಆಮೇಲೆ ಅವನ ಪ್ರಶ್ನೆಗೆ ಉತ್ತರ. ನೋಡ್ಯಾನ, ಇನ್ನೂ ಏನೂ ಬರೆದಿಲ್ಲ.