ಗವುಸು ಹುಟ್ಟಿದ್ದು ದಾದಿಯ ಕೈಗಾಗಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಹಳ್ಳಿಗಳಲ್ಲಿ ಹುಳದ ಮನೆಗೆ ಯಾರೆಂದರೆ ಅವರು ನುಗ್ಗುವಂತಿಲ್ಲ. ಚಪ್ಪಲಿ ಹೊರಗೆ ಬಿಡಬೇಕು, ಕೈಕಾಲು ತೊಳೆಯಬೇಕು, ಹೊಸ್ತಿಲಲ್ಲಿ ಹಾಕಿದ ಸುಣ್ಣ, ಬ್ಲೀಚಿಂಗ್ ಪುಡಿ ತುಳಿದುಕೊಂಡೇ ಒಳಗೆ ಹೋಗಬೇಕು. ಒಂದು ಬೆಳೆ ಮುಗಿದರೆ ತಟ್ಟೆ, ಚಂದ್ರಿಕೆಗಳನ್ನೆಲ್ಲ ತೊಳೆದು ಬಿಸಿಲಿಗೆ ಹಾಕಿ, ಮನೆಗೆ ಔಷಧಿ ಹೊಡೆದ ಮೇಲೆಯೇ ಮುಂದಿನ ಬೆಳೆ. ಸೋಂಕು, ಸೂಕ್ಷ್ಮಜೀವಿ ಎಂಬ ಮಾತುಗಳನ್ನು ಶಾಲೆಯಲ್ಲಿ ಓದದ ಹೆಂಗಸರೂ ಇದನ್ನು ಚಾಚೂ ತಪ್ಪದೆ ಮಾಡುತ್ತಾರೆ. ಹುಳ ಹೋದರೆ ಮನೆಯ ಅನ್ನ ಹೋಯಿತೆಂದು ಅವರಿಗೆ ಗೊತ್ತು.

ಈ ಶಿಸ್ತಿನ ಹಿಂದೆ ದೊಡ್ಡ ಕಥೆಯೇ ಇದೆ. 1865ರಲ್ಲಿ ಫ್ರಾನ್ಸಿನ ದಕ್ಷಿಣ ಭಾಗದಲ್ಲಿ ರೇಷ್ಮೆ ಹುಳುಗಳು ರಾಶಿರಾಶಿಯಾಗಿ ಸಾಯುತ್ತಿದ್ದಾಗ ಅಲ್ಲಿನ ಸರ್ಕಾರ ಲೂಯಿ ಪಾಶ್ಚರನನ್ನು ಕಳಿಸಿತು. ನಮ್ಮವರು ಗಂಟುರೋಗ ಎನ್ನುವ ಕಾಯಿಲೆ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದೆಂದು ಅವನು ತೋರಿಸಿದ. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿಲ್ಲದ ಚಿಟ್ಟೆಯ ಮೊಟ್ಟೆಯನ್ನಷ್ಟೇ ಇಟ್ಟುಕೊಳ್ಳುವ ಪದ್ಧತಿ ಅಲ್ಲಿಂದ ಬಂತು. ನಮ್ಮ ಮೊಟ್ಟೆ ಕೇಂದ್ರಗಳಲ್ಲಿ ಇವತ್ತಿಗೂ ಮಾಡುವುದು ಅದನ್ನೇ.

ಹುಳುವಿಗೆ ಇಷ್ಟೊಂದು ಕಾವಲು. ಹಾಗಾದರೆ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಲ್ಲುವ ದಾದಿಗೆ ಕಾವಲು ಯಾವಾಗ ಬಂತು? ಮಕ್ಕಳಿಗೆ ಚರಿತ್ರೆ ಹೇಳಿಕೊಡುತ್ತಾ ಬಂದ ನನಗೆ ಈ ಪ್ರಶ್ನೆ ಬಹಳ ದಿನ ಕಾಡಿದೆ. ನಮ್ಮ ಪಾಠಗಳಲ್ಲಿ ಸೈನಿಕನ ಕವಚದ ಮಾತು ಬರುತ್ತದೆ, ದಾದಿಯ ಕವಚದ ಮಾತು ಬರುವುದಿಲ್ಲ.

ಬೆಂಗಳೂರಿಗೆ ಪ್ಲೇಗು ಬಂದದ್ದು 1898ರ ಆಗಸ್ಟಿನಲ್ಲಿ. ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬಂತು ಎನ್ನುತ್ತಾರೆ. ಬೆಂಗಳೂರು-ಮೈಸೂರು ರೈಲು ಆಗ ಕ್ಲೋಸ್‌ಪೇಟೆ ಎನ್ನಿಸಿಕೊಂಡಿದ್ದ ರಾಮನಗರವನ್ನೂ ಚನ್ನಪಟ್ಟಣವನ್ನೂ ಹಾದೇ ಹೋಗುತ್ತಿತ್ತು. ಆಮೇಲಿನ ವರ್ಷಗಳಲ್ಲೂ ಮೈಸೂರು ಸೀಮೆಯಲ್ಲಿ ಅದು ಮತ್ತೆ ಮತ್ತೆ ಮರುಕಳಿಸಿತು. "ಇಲಿ ಬಿತ್ತು" ಎಂದರೆ ಸಾಕು, ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಳ್ಳುತ್ತಿದ್ದೆವು ಎಂದು ನಮ್ಮಜ್ಜಿ ಹೇಳುತ್ತಿದ್ದರು. ಬೆಂಗಳೂರಿನಲ್ಲಿ ಜನ ಕಿಕ್ಕಿರಿದ ಪೇಟೆಯನ್ನು ಬಿಟ್ಟು ಬಸವನಗುಡಿ, ಮಲ್ಲೇಶ್ವರದಂಥ ಹೊಸ ಬಡಾವಣೆಗಳಿಗೆ ಹೋದರು. ಮನೆ ಖಾಲಿ ಮಾಡಿಸಲು, ಪ್ರಯಾಣಿಕರನ್ನು ತಡೆದು ಪರೀಕ್ಷಿಸಲು ಕಟ್ಟುಕಟ್ಟಳೆಗಳಿದ್ದವು. ರೋಗಿಯನ್ನು ಮುಟ್ಟುವ ಕೈಗೆ ಮಾತ್ರ ಏನೂ ಇರಲಿಲ್ಲ. ಇರುವುದಾದರೂ ಹೇಗೆ? ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಹರಡುತ್ತದೆಂದು ಪಾಲ್ ಲೂಯಿ ಸಿಮೊ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಕಂಡುಕೊಂಡದ್ದೇ ಅದೇ 1898ರಲ್ಲಿ. ಅದನ್ನು ಲೋಕ ನಂಬಲು ಇನ್ನೂ ಕೆಲವು ವರ್ಷ ಹಿಡಿಯಿತು.

ಆ ಕಾಲದ ಶುಶ್ರೂಷೆ ಎಂದರೆ ಎಂಥದ್ದೆಂದು ತಿಳಿಯಲು ಪುಣೆಯ ಸಾವಿತ್ರಿಬಾಯಿ ಫುಲೆಯವರನ್ನು ನೆನೆಯಬೇಕು. ನಮ್ಮಂಥ ಶಿಕ್ಷಕಿಯರಿಗೆಲ್ಲ ಅವರು ಹಿರಿಯಕ್ಕ. 1897ರ ಪ್ಲೇಗಿನಲ್ಲಿ, ವೈದ್ಯನಾಗಿದ್ದ ಮಗ ಯಶವಂತನ ಜೊತೆ ಸೇರಿ ಊರ ಹೊರಗೆ ಚಿಕಿತ್ಸಾಲಯ ನಡೆಸಿದರು. ಸೋಂಕು ತಗುಲಿದ ಹುಡುಗನೊಬ್ಬನನ್ನು ಬೆನ್ನ ಮೇಲೆ ಹೊತ್ತು ತಂದರಂತೆ. ಆ ಬೆನ್ನಿಗೆ ಉಟ್ಟ ಸೀರೆಯ ಸೆರಗು ಬಿಟ್ಟರೆ ಬೇರೆ ರಕ್ಷಣೆ ಇರಲಿಲ್ಲ. 1897ರ ಮಾರ್ಚ್ 10ರಂದು ಅವರೂ ಪ್ಲೇಗಿಗೇ ಬಲಿಯಾದರು. ನಾವು ಇದನ್ನು ತ್ಯಾಗ ಎಂದು ಕೊಂಡಾಡುತ್ತೇವೆ, ಕೊಂಡಾಡಬೇಕಾದ್ದೇ. ಆದರೆ ತ್ಯಾಗ ಎಂದು ಕೈಮುಗಿದು, ಮುಂದೆ ಬರುವವಳನ್ನೂ ಹಾಗೇ ಬರಿಗೈಯಲ್ಲಿ ಕಳಿಸುವುದು ಸರಿಯೇ, ನೀವೇ ಹೇಳಿ.

ಬರಿಗೈಗೆ ಗವುಸು ಬಂದ ಬಗೆ ಸ್ವಾರಸ್ಯವಾಗಿದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ನರ್ಸ್ ಇದ್ದಳು. ಶಸ್ತ್ರಚಿಕಿತ್ಸೆಗೆ ಮುಂಚೆ ಪಾದರಸದ ದ್ರಾವಣದಲ್ಲಿ ಕೈ ಅದ್ದಿ ಅದ್ದಿ ಅವಳ ಚರ್ಮ ಕಿತ್ತುಬಂತು. 1889-90ರ ಚಳಿಗಾಲದಲ್ಲಿ ಶಸ್ತ್ರವೈದ್ಯ ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ಅವಳಿಗಾಗಿ ತೆಳುವಾದ ಗವುಸು ಮಾಡಿಸಿದ. 1890ರಲ್ಲಿ ಅವಳನ್ನೇ ಮದುವೆಯೂ ಆದ! ಆಮೇಲೆ ವೈದ್ಯರೆಲ್ಲ ಅದನ್ನು ಹಾಕಿಕೊಳ್ಳತೊಡಗಿದ ಮೇಲೆ ರೋಗಿಗಳ ಗಾಯ ಕೀವಾಗುವುದೂ ಕಡಿಮೆಯಾಯಿತು. ದಾದಿಯ ಕೈ ಉಳಿಸಲು ಹೊರಟದ್ದು ರೋಗಿಯ ಪ್ರಾಣವನ್ನೂ ಉಳಿಸಿತು. ಈ ಮಾತನ್ನು ದಯವಿಟ್ಟು ನೆನಪಿಡಿ.

ಮಾಸ್ಕಿನ ಕಥೆ ಚೀನದ್ದು. 1910ರ ಕೊನೆಗೆ ಮಂಚೂರಿಯದಲ್ಲಿ ಶ್ವಾಸಕೋಶದ ಪ್ಲೇಗು ಹಬ್ಬಿತು. ಇದು ಉಸಿರಿನಿಂದ ಹರಡುತ್ತದೆ, ಇಲಿಯಿಂದಲ್ಲ ಎಂದು ಮಲಯದಲ್ಲಿ ಹುಟ್ಟಿದ ಯುವ ವೈದ್ಯ ವೂ ಲಿಯೆನ್‌ ಟೆ ಹೇಳಿದ. ಬಟ್ಟೆಯ ಪದರಗಳ ನಡುವೆ ಹತ್ತಿಯಿಟ್ಟು ಮೂಗುಬಾಯಿಗೆ ಕಟ್ಟಿಕೊಳ್ಳುವ ಮಾಸ್ಕು ಮಾಡಿಸಿದ. ಮೆನಿ ಎಂಬ ಹಿರಿಯ ಫ್ರೆಂಚ್ ವೈದ್ಯ ಅದನ್ನು ಹಗುರವಾಗಿ ಕಂಡು, ಹಾಕಿಕೊಳ್ಳದೆ ವಾರ್ಡಿಗೆ ಹೋದ. 1911ರ ಜನವರಿಯಲ್ಲಿ ಕೆಲವೇ ದಿನಗಳಲ್ಲಿ ತೀರಿಕೊಂಡ. ಆಮೇಲೆ ಯಾರೂ ವಾದ ಮಾಡಲಿಲ್ಲ.

ಇಷ್ಟೆಲ್ಲ ತಿಳಿದ ಲೋಕಕ್ಕೆ 2020ರಲ್ಲಿ ಕೊರೊನಾ ಬಂತು. ಭಾರತದಲ್ಲಿ ಅದರ ಮೊದಲ ಸಾವು ಆ ಮಾರ್ಚಿನಲ್ಲಿ ನಮ್ಮ ಕಲಬುರಗಿಯಲ್ಲೇ ಆಯಿತು. ಆ ಹಿರಿಯರನ್ನು ನೋಡಿದ್ದ ವೈದ್ಯರಿಗೂ ಸೋಂಕು ತಗುಲಿತು. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿ ಇನ್ನೂರು ವರ್ಷವಾಯಿತೆಂದು ಜಗತ್ತು ದಾದಿಯರ ವರ್ಷ ಆಚರಿಸುತ್ತಿದ್ದದ್ದೂ ಅದೇ 2020ರಲ್ಲಿ. ಆದರೆ ಮೈಮುಚ್ಚುವ ಪಿಪಿಇ ಉಡುಪು ಆಗ ನಮ್ಮ ದೇಶದಲ್ಲಿ ತಯಾರಾಗುತ್ತಲೇ ಇರಲಿಲ್ಲವೆನ್ನಬೇಕು. ಹೊಲಿಗೆ ಬಲ್ಲ ನಿಮಗೆ ಇದು ಅರ್ಥವಾಗುತ್ತದೆ: ಬಟ್ಟೆ ಎಷ್ಟೇ ಗಟ್ಟಿಯಿದ್ದರೂ ಸೂಜಿ ಚುಚ್ಚಿದಲ್ಲೆಲ್ಲ ತೂತು. ಆ ಹೊಲಿಗೆಯ ಮೇಲೆ ಬಿಸಿ ಮಾಡಿ ಟೇಪು ಅಂಟಿಸಬೇಕು. ಆ ಟೇಪೂ ಯಂತ್ರವೂ ಸಾಲದೆ ಪರದಾಟವಾಯಿತು. ಆದರೂ ಮೇ ತಿಂಗಳ ಹೊತ್ತಿಗೆ ದೇಶದಲ್ಲಿ ದಿನಕ್ಕೆ 2 ಲಕ್ಷ ಉಡುಪು ತಯಾರಾಗುತ್ತಿದ್ದವು. ಬೆಂಗಳೂರಿನ ಗಾರ್ಮೆಂಟ್ಸ್ ಅದರಲ್ಲಿ ಮುಂದಿತ್ತು. ಅಲ್ಲಿ ಮೆಶಿನ್ನಿನ ಮುಂದೆ ಕೂತವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು.

ನನ್ನ ತಂಗಿಯ ಮಗಳು ಆಗ ಒಂದು ಆಸ್ಪತ್ರೆಯ ಕೋವಿಡ್ ವಾರ್ಡಿನಲ್ಲಿದ್ದಳು. "ದೊಡ್ಡಮ್ಮ, ಹಾಕಿಕೊಳ್ಳೋದು ಸುಲಭ, ಬಿಚ್ಚೋದರಲ್ಲೇ ಜೀವ ಇರೋದು" ಎನ್ನುತ್ತಿದ್ದಳು. ಮೊದಲು ಗವುಸು, ಆಮೇಲೆ ಉಡುಪು, ಆಮೇಲೆ ಕನ್ನಡಕ, ಎಲ್ಲಕ್ಕೂ ಕೊನೆಗೆ ಮಾಸ್ಕು; ಒಂದೊಂದರ ನಡುವೆಯೂ ಕೈತೊಳೆಯಬೇಕು. ಉಡುಪಿನ ಹೊರಮೈ ತನ್ನ ಮೈಗೆ ತಾಗದಂತೆ ಸುರುಳಿ ಸುತ್ತುತ್ತಾ ಇಳಿಸಬೇಕು. ಮಡಿಯಲ್ಲಿದ್ದವರಿಗಿಂತ ಹೆಚ್ಚಿನ ಎಚ್ಚರ. ಆರು ಗಂಟೆ ಅದರೊಳಗೆ ಬೆವರಿನಲ್ಲಿ ತೊಯ್ದುಕೊಂಡು ಇರಬೇಕು. ಶೌಚಕ್ಕೆ ಹೋಗುವಂತಿಲ್ಲ ಎಂದು ಅವಳು ಬೆಳಗಿನಿಂದ ನೀರೇ ಕುಡಿಯುತ್ತಿರಲಿಲ್ಲ. ತಿಂಗಳ ಆ ದಿನಗಳಲ್ಲಿ ಪಾಡು ಹೇಗಿರುತ್ತದೆಂದು ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ. ಉಡುಪೋ ಗಂಡಸಿನ ಅಳತೆಯದು. ತೋಳು ಮಡಿಸಿ, ಸೊಂಟಕ್ಕೆ ಟೇಪು ಸುತ್ತಿಕೊಂಡು ಓಡಾಡುತ್ತಿದ್ದಳು. ಮುಖದ ಮೇಲೆ ಮಾಸ್ಕು ಒತ್ತಿದ ಗುರುತು ಹೋಗಲು ವಾರಗಳೇ ಬೇಕಾದವು. ಇಷ್ಟು ಸಾಲದೆಂಬಂತೆ ಬಾಡಿಗೆ ಮನೆಯವರು, "ಬೇರೆ ಕಡೆ ನೋಡಿಕೊಳ್ಳಮ್ಮ" ಎಂದರು. ಸಂಜೆ ಹೊತ್ತು ಚಪ್ಪಾಳೆ ತಟ್ಟಿದವರೂ ಅವರೇ.

1897ರಲ್ಲಿ ಬ್ರಿಟಿಷರು ಮಾಡಿದ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು 2020ರ ಏಪ್ರಿಲಿನಲ್ಲಿ ತಿದ್ದಿದರು. ಸುಗ್ರೀವಾಜ್ಞೆಯಾಗಿ ಬಂದದ್ದು ಸೆಪ್ಟೆಂಬರಿನಲ್ಲಿ ಸಂಸತ್ತಿನ ಒಪ್ಪಿಗೆ ಪಡೆಯಿತು. ಸಾಂಕ್ರಾಮಿಕದ ವೇಳೆ ಆರೋಗ್ಯ ಸಿಬ್ಬಂದಿಯ ಮೇಲೆ ಕೈಮಾಡಿದರೆ 5 ವರ್ಷದವರೆಗೆ, ತೀವ್ರ ಗಾಯವಾದರೆ 7 ವರ್ಷದವರೆಗೆ ಸಜೆ. ಅವರು ವಾಸವಿರುವಲ್ಲಿ ಕಿರುಕುಳ ಕೊಡುವುದನ್ನೂ ಹಿಂಸೆಯೆಂದೇ ಎಣಿಸಿದ್ದಾರೆ. ರೋಗಿಯ ಮನೆ ಖಾಲಿ ಮಾಡಿಸುವ ಕಾಲದ ಕಾಯಿದೆ ದಾದಿಯ ಮನೆಯನ್ನು ಕಾಯುವಂತಾಗಲು 123 ವರ್ಷ ಬೇಕಾಯಿತು.

ಆದರೆ ಕಾಯಿದೆ ಉಡುಪಿನ ಅಳತೆ ತೆಗೆಯುವುದಿಲ್ಲ, ಕುಡಿಯಲು ನೀರು ಕೊಡುವುದಿಲ್ಲ. ಕ್ಯಾರೊಲಿನಳಿಗೆ ಗವುಸು ಮಾಡಿಸಿದಾಗ ಅವಳ ಕೈಯ ಅಚ್ಚು ತೆಗೆದು ಕಳಿಸಿದ್ದರಂತೆ. ನಮ್ಮ ಹೆಣ್ಣುಮಕ್ಕಳಿಗೆ ಬೇಕಾದದ್ದೂ ಅಷ್ಟೇ: ಅವರ ಮೈಗೆ ಹೊಂದುವ ಉಡುಪು, ನಡುವೆ ಬಿಚ್ಚಿ ಉಸಿರಾಡಲು ಬಿಡುವು, ದುಡಿದು ಬಂದಾಗ ತೆರೆದಿರುವ ಒಂದು ಬಾಗಿಲು. ಮೊದಲಿನ ಎರಡನ್ನು ಆಸ್ಪತ್ರೆಯವರೂ ಸರ್ಕಾರವೂ ಕೊಡಬೇಕು. ಕೊನೆಯದು ನಮ್ಮ ಕೈಯಲ್ಲೇ ಇದೆ.