ನವಜಾತ ಶಿಶುವಿನ ಕಾಮಾಲೆ

ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ ಮಗುವಿನ ಚರ್ಮ ಮತ್ತು ಕಣ್ಣಿನ ಬಿಳಿಭಾಗ ಹಳದಿಗೆ ತಿರುಗುವ ಸ್ಥಿತಿ. ಬಿಲಿರುಬಿನ್ ಎಂಬ ಹಳದಿ ವರ್ಣದ್ರವ್ಯ ರಕ್ತದಲ್ಲಿ ಹೆಚ್ಚುವುದು ಇದಕ್ಕೆ ಕಾರಣ. ದಿನ ತುಂಬಿ ಹುಟ್ಟಿದ ನೂರು ಶಿಶುಗಳಲ್ಲಿ ಸುಮಾರು 60ಕ್ಕೆ, ಅವಧಿಗೆ ಮುನ್ನ ಹುಟ್ಟಿದ ನೂರರಲ್ಲಿ ಸುಮಾರು 80ಕ್ಕೆ ಮೊದಲ ವಾರದಲ್ಲಿ ಕಾಮಾಲೆ ಕಾಣಿಸುತ್ತದೆ. ಬಹುಪಾಲು ಮಕ್ಕಳಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಮಿತಿ ಮೀರಿದಾಗ ಮಾತ್ರ ಮಿದುಳಿಗೆ ಮತ್ತೆ ಸರಿಪಡಿಸಲಾಗದ ಹಾನಿಯಾಗುತ್ತದೆ. ಆ ಹಾನಿಯನ್ನು ಬಹುಮಟ್ಟಿಗೆ ತಡೆಯಲು ಇಂದು ಸಾಧ್ಯವಾಗಿರುವುದು ಒಂದೇ ಶಾಸ್ತ್ರದ ಸಾಧನೆಯಿಂದಲ್ಲ. ವೈದ್ಯಶಾಸ್ತ್ರ, ಬೆಳಕಿನ ಭೌತಶಾಸ್ತ್ರ, ಶಿಶು ಬೆಳವಣಿಗೆಯ ಅಧ್ಯಯನ, ವಿಕಾಸ ಜೀವಶಾಸ್ತ್ರ ಈ ನಾಲ್ಕೂ ಕೂಡಿದ್ದರಿಂದ ಅದು ಆಗಿದೆ.

ಬಿಲಿರುಬಿನ್ ಹೆಚ್ಚುವ ಬಗೆ

ಕೆಂಪು ರಕ್ತಕಣಗಳು ಮುಪ್ಪಾಗಿ ಒಡೆದಾಗ ಹಿಮೋಗ್ಲೋಬಿನ್‌ನಲ್ಲಿರುವ ಹೀಮ್ ಭಾಗ ಮೊದಲು ಬಿಲಿವರ್ಡಿನ್ ಎಂಬ ಹಸಿರು ವಸ್ತುವಾಗಿ, ಅನಂತರ ಹಳದಿ ಬಿಲಿರುಬಿನ್ ಆಗಿ ಬದಲಾಗುತ್ತದೆ. ಒಂದು ಗ್ರಾಂ ಹಿಮೋಗ್ಲೋಬಿನ್‌ನಿಂದ ಸುಮಾರು 35 ಮಿಲಿಗ್ರಾಂ ಬಿಲಿರುಬಿನ್ ಹುಟ್ಟುತ್ತದೆ. ನವಜಾತ ಶಿಶುವಿನ ರಕ್ತದಲ್ಲಿ ಕೆಂಪು ಕಣಗಳ ಸಂಖ್ಯೆ ಹೆಚ್ಚು, ಅವುಗಳ ಆಯುಸ್ಸು ಕಡಿಮೆ. ದೊಡ್ಡವರ ರಕ್ತಕಣ ಸುಮಾರು 120 ದಿನ ಬಾಳಿದರೆ ಶಿಶುವಿನದು ಸುಮಾರು 70ರಿಂದ 90 ದಿನ. ಹೀಗಾಗಿ ದೇಹತೂಕಕ್ಕೆ ಹೋಲಿಸಿದರೆ ಶಿಶುವಿನಲ್ಲಿ ಬಿಲಿರುಬಿನ್ ಉತ್ಪತ್ತಿ ದೊಡ್ಡವರಿಗಿಂತ ಇಮ್ಮಡಿ.

ಬಿಲಿರುಬಿನ್ ನೀರಿನಲ್ಲಿ ಕರಗುವುದಿಲ್ಲ. ಅದು ರಕ್ತದ ಆಲ್ಬುಮಿನ್ ಪ್ರೋಟೀನಿಗೆ ಅಂಟಿಕೊಂಡು ಯಕೃತ್ತನ್ನು ಸೇರಿ, ಅಲ್ಲಿನ ಒಂದು ಕಿಣ್ವದ ನೆರವಿನಿಂದ ಕರಗುವ ರೂಪ ಪಡೆದು ಪಿತ್ತರಸದೊಂದಿಗೆ ಕರುಳಿಗೆ ಇಳಿಯಬೇಕು. ಹುಟ್ಟಿದಾಗ ಈ ಕಿಣ್ವದ ಚುರುಕು ದೊಡ್ಡವರದರ ನೂರರಲ್ಲಿ ಒಂದು ಪಾಲಿನಷ್ಟು. ಗರ್ಭದಲ್ಲಿದ್ದಾಗ ಈ ಕೆಲಸವನ್ನು ಮಾಸಿನ ಮೂಲಕ ತಾಯಿಯ ದೇಹವೇ ಮಾಡುತ್ತಿತ್ತು. ಹೆರಿಗೆಯೊಂದಿಗೆ ಅದು ಒಮ್ಮೆಲೇ ಮಗುವಿನ ಪಾಲಿಗೆ ಬರುತ್ತದೆ. ಕರುಳಿಗೆ ಇಳಿದ ಬಿಲಿರುಬಿನ್‌ನಲ್ಲೂ ಒಂದಷ್ಟು ಮತ್ತೆ ರಕ್ತಕ್ಕೆ ಹೀರಲ್ಪಡುತ್ತದೆ. ಮೊದಲ ಗಂಟೆಯಿಂದಲೇ ಗಿಣ್ಣುಹಾಲು ಕುಡಿಸಿ, ಪದೇಪದೇ ಎದೆಹಾಲೂಡಿಸಿದರೆ ಕಪ್ಪು ಮಲ ಬೇಗ ಹೊರಬಿದ್ದು ಈ ಮರುಹೀರಿಕೆ ತಗ್ಗುತ್ತದೆ.

ಸಹಜವೇ, ಅಪಾಯವೇ

ಸಹಜ ಕಾಮಾಲೆ ಎರಡನೆಯ ಅಥವಾ ಮೂರನೆಯ ದಿನ ಕಾಣಿಸಿಕೊಂಡು, ದಿನ ತುಂಬಿದ ಮಕ್ಕಳಲ್ಲಿ ಮೂರರಿಂದ ಐದನೆಯ ದಿನಕ್ಕೆ ಏರುಮಟ್ಟ ತಲುಪಿ, ಎರಡು ವಾರದೊಳಗೆ ಮರೆಯಾಗುತ್ತದೆ. ಬಣ್ಣ ಮೊದಲು ಮುಖದಲ್ಲಿ ಕಂಡು, ಮಟ್ಟ ಏರಿದಂತೆ ಎದೆ, ಹೊಟ್ಟೆ, ತೊಡೆ, ಕೊನೆಗೆ ಅಂಗೈ ಅಂಗಾಲಿಗೆ ಇಳಿಯುತ್ತದೆ. ಆದರೆ ಕಣ್ಣಂದಾಜು ಎಲ್ಲ ಮೈಬಣ್ಣಗಳಲ್ಲೂ ನಂಬಲರ್ಹವಲ್ಲ. ಸಂಶಯವಿದ್ದಾಗ ಚರ್ಮದ ಮೇಲಿಟ್ಟು ಅಳೆಯುವ ಉಪಕರಣದಿಂದಾಗಲಿ ರಕ್ತ ಪರೀಕ್ಷೆಯಿಂದಾಗಲಿ ಮಟ್ಟವನ್ನು ತಿಳಿಯಬೇಕು. ಒಂದೇ ಅಂಕಿ ಎಲ್ಲ ಶಿಶುಗಳಿಗೂ ಒಂದೇ ಅರ್ಥ ಕೊಡುವುದಿಲ್ಲ. ಹುಟ್ಟಿ ಎಷ್ಟು ಗಂಟೆಯಾಯಿತು, ಎಷ್ಟು ವಾರದ ಗರ್ಭ, ರಕ್ತಕಣ ಒಡೆಯುವ ಕಾಯಿಲೆ ಇದೆಯೇ ಎಂಬುದನ್ನೆಲ್ಲ ಸೇರಿಸಿ ವೈದ್ಯರು ತೀರ್ಮಾನಿಸುತ್ತಾರೆ. ವಿನೋದ್ ಭೂತಾನಿ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಗಂಟೆವಾರು ನಕ್ಷೆ ಈ ವಿಧಾನಕ್ಕೆ ಬುನಾದಿ ಹಾಕಿತು.

ಹುಟ್ಟಿದ 24 ಗಂಟೆಯೊಳಗೆ ಕಾಣುವ ಕಾಮಾಲೆಯನ್ನು ಸಹಜವೆಂದು ಬಿಡುವಂತಿಲ್ಲ. ತಾಯಿ ಮತ್ತು ಮಗುವಿನ ರಕ್ತದ ಗುಂಪು ಹೊಂದದಿರುವುದು, ಸೋಂಕು, ಕಿಣ್ವದ ಕೊರತೆ ಇವು ಅದಕ್ಕೆ ಕಾರಣವಾಗಿರಬಹುದು.

ಮಿದುಳಿಗೆ ಆಗುವ ಹಾನಿ

ಆಲ್ಬುಮಿನ್‌ಗೆ ಅಂಟದೆ ಬಿಡಿಯಾಗಿ ಉಳಿದ ಬಿಲಿರುಬಿನ್ ರಕ್ತದಿಂದ ಮಿದುಳಿಗೆ ದಾಟಬಲ್ಲದು. ಮಿದುಳಿನ ಆಳದಲ್ಲಿದ್ದು ಚಲನೆಯನ್ನು ಹದಗೊಳಿಸುವ ನರಕೋಶ ಸಮೂಹಗಳಿಗೆ, ಶ್ರವಣದ ನರಮಾರ್ಗಕ್ಕೆ ಅದು ವಿಷ. ಜರ್ಮನ್ ರೋಗವಿಜ್ಞಾನಿ ಕ್ರಿಶ್ಚಿಯನ್ ಶ್ಮೋರ್ಲ್ 20ನೆಯ ಶತಮಾನದ ಆರಂಭದಲ್ಲಿ ಇದಕ್ಕೆ ಕೆರ್ನಿಕ್ಟೆರಸ್ ಎಂದು ಹೆಸರಿಟ್ಟರು. ಮೊದಲು ಮಗು ಮಂಕಾಗಿ ಹಾಲು ಚೀಪುವುದನ್ನು ಬಿಡುತ್ತದೆ. ಬಳಿಕ ಕೀರಲು ದನಿಯಲ್ಲಿ ಅಳುತ್ತ ಮೈಯನ್ನು ಹಿಂದಕ್ಕೆ ಬಿಲ್ಲಿನಂತೆ ಬಗ್ಗಿಸುತ್ತದೆ. ಬದುಕುಳಿದ ಮಕ್ಕಳಲ್ಲಿ ಹತೋಟಿಗೆ ಸಿಗದ ಅಂಗಚಲನೆ, ಕಿವುಡು, ಕಣ್ಣನ್ನು ಮೇಲಕ್ಕೆ ಹೊರಳಿಸಲಾಗದಿರುವುದು, ಹಲ್ಲಿನ ಎನಾಮಲ್ ದೋಷ ಉಳಿಯುತ್ತವೆ. ಇವರಲ್ಲಿ ಅನೇಕರ ಬುದ್ಧಿಶಕ್ತಿ ಕುಂದಿರುವುದಿಲ್ಲ. ಮಾತು ಹೊರಡದ ಮಗುವನ್ನು ತಿಳಿವಳಿಕೆಯಿಲ್ಲದ ಮಗುವೆಂದು ಎಣಿಸುವುದು ಅದಕ್ಕೆ ಬಗೆಯುವ ಎರಡನೆಯ ಅನ್ಯಾಯ.

ಬೆಳಕಿನ ಚಿಕಿತ್ಸೆಯ ಶೋಧ

ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಅವಧಿಪೂರ್ವ ಶಿಶುಗಳ ವಾರ್ಡನ್ನು ನೋಡಿಕೊಳ್ಳುತ್ತಿದ್ದ ದಾದಿ ಸಿಸ್ಟರ್ ಜೀನ್ ವಾರ್ಡ್ ಅವರಿಗೆ ಮಕ್ಕಳನ್ನು ಅಂಗಳದ ಬಿಸಿಲಿಗೆ ಒಯ್ಯುವ ರೂಢಿಯಿತ್ತು. 1956ರಲ್ಲಿ ಅವರು ವೈದ್ಯರಿಗೆ ಒಂದು ಶಿಶುವನ್ನು ತೋರಿಸಿದರು. ಮೈಯೆಲ್ಲ ಹಳದಿ ಕಳೆದಿದ್ದರೂ ತ್ರಿಕೋನಾಕಾರದ ಒಂದು ಜಾಗ ಮಾತ್ರ ಗಾಢ ಹಳದಿಯಾಗಿ ಉಳಿದಿತ್ತು. ಹೊದಿಕೆಯ ಮೂಲೆ ಮುಚ್ಚಿದ್ದ ಜಾಗ ಅದು. ಕೆಲವು ವಾರಗಳ ಬಳಿಕ ಅದೇ ಆಸ್ಪತ್ರೆಯಲ್ಲಿ, ಕಿಟಕಿಯ ಬಿಸಿಲಿನಲ್ಲಿ ಉಳಿದುಬಿಟ್ಟಿದ್ದ ರಕ್ತದ ಕೊಳವೆಯಲ್ಲಿ ಬಿಲಿರುಬಿನ್ ಮಟ್ಟ ನಿರೀಕ್ಷೆಗಿಂತ ಬಹಳ ಕಡಿಮೆ ಬಂತು. ಈ ಎರಡನ್ನೂ ಜೋಡಿಸಿ ನೋಡಿದ ರಿಚರ್ಡ್ ಕ್ರೀಮರ್, ಪೆರಿಮನ್ ಮತ್ತು ರಿಚರ್ಡ್ಸ್ ನೀಲಿ ದೀಪಗಳ ತೊಟ್ಟಿಲು ರೂಪಿಸಿ 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ವೈದ್ಯಲೋಕ ತಕ್ಷಣ ಒಪ್ಪಲಿಲ್ಲ. ಅಮೆರಿಕದ ವರ್ಮಾಂಟ್‌ನ ಜೆರಾಲ್ಡ್ ಲೂಸಿ ಮತ್ತು ಸಂಗಡಿಗರು 1968ರಲ್ಲಿ ಪ್ರಕಟಿಸಿದ ನಿಯಂತ್ರಿತ ಪ್ರಯೋಗದ ನಂತರವೇ ಚಿಕಿತ್ಸೆ ವ್ಯಾಪಕವಾಯಿತು.

ಬೆಳಕು ಮಾಡುವ ಕೆಲಸ

ಬಿಲಿರುಬಿನ್ ಅಣು ಮಾಡಿನ ಎರಡು ಇಳಿಜಾರಿನಂತೆ ಬಾಗಿದ್ದು, ನೀರನ್ನು ಸೆಳೆಯಬಲ್ಲ ಅದರ ಗುಂಪುಗಳು ಹೈಡ್ರೋಜನ್ ಬಂಧಗಳಿಂದ ಒಳಗೇ ಕಟ್ಟಿಕೊಂಡಿರುತ್ತವೆ. ಕರಗದಿರುವುದಕ್ಕೆ ಇದೇ ಕಾರಣ. ಸುಮಾರು 460 ನ್ಯಾನೋಮೀಟರ್ ತರಂಗಾಂತರದ ನೀಲಿ ಬೆಳಕನ್ನು ಅದು ಚೆನ್ನಾಗಿ ಹೀರುತ್ತದೆ. ಈ ಬೆಳಕಿನ ಒಂದು ಫೋಟಾನ್‌ನ ಶಕ್ತಿ ಸುಮಾರು 2.7 ಎಲೆಕ್ಟ್ರಾನ್ ವೋಲ್ಟ್. ಆ ಶಕ್ತಿ ಅಣುವಿನ ಒಂದು ಜೋಡಿಬಂಧವನ್ನು ತಿರುಚಿದಾಗ ಒಳಕಟ್ಟು ಸಡಿಲಗೊಂಡು, ಅಣು ನೀರಿಗೆ ಒಗ್ಗುವ ಆಕಾರ ತಳೆಯುತ್ತದೆ. ಲ್ಯುಮಿರುಬಿನ್ ಎಂಬ ಇನ್ನೊಂದು ಉತ್ಪನ್ನ ಮರಳಿ ಹಳೆಯ ರೂಪಕ್ಕೆ ಬರುವುದಿಲ್ಲ. ಹೀಗೆ ಮಾರ್ಪಟ್ಟ ಅಣುಗಳು ಯಕೃತ್ತಿನ ಕಿಣ್ವಕ್ಕೆ ಕಾಯದೆ ಪಿತ್ತರಸ ಮತ್ತು ಮೂತ್ರದ ಮೂಲಕ ಹೊರಹೋಗುತ್ತವೆ.

ಚಿಕಿತ್ಸೆಯ ಫಲ ನಿಂತಿರುವುದು ತರಂಗಾಂತರ, ತೀವ್ರತೆ ಮತ್ತು ಬೆಳಕು ಬೀಳುವ ಚರ್ಮದ ವಿಸ್ತಾರದ ಮೇಲೆ. ತೀವ್ರ ಚಿಕಿತ್ಸೆಗೆ ಪ್ರತಿ ಚದರ ಸೆಂಟಿಮೀಟರಿಗೆ, ಪ್ರತಿ ನ್ಯಾನೋಮೀಟರಿಗೆ ಕನಿಷ್ಠ 30 ಮೈಕ್ರೋವಾಟ್ ಬೇಕು. ಆದ್ದರಿಂದ ದೀಪವನ್ನು ಉಪಕರಣದ ಸೂಚನೆಯಷ್ಟು ಹತ್ತಿರವಿಟ್ಟು, ಮಗುವಿನ ಬಟ್ಟೆ ತೆಗೆದು, ಕಣ್ಣಿಗೆ ಮಾತ್ರ ಪಟ್ಟಿ ಕಟ್ಟಲಾಗುತ್ತದೆ. ಹಳೆಯ ಟ್ಯೂಬ್‌ಲೈಟುಗಳ ಜಾಗದಲ್ಲಿ ಈಗ ನೀಲಿ ಎಲ್‌ಇಡಿಗಳಿವೆ. ಅವು ಕಡಿಮೆ ಬಿಸಿಯಾಗುತ್ತವೆ, ಬೇಕಾದ ತರಂಗಾಂತರವನ್ನೇ ಸೂಸುತ್ತವೆ. ನೀಲಿ ಎಲ್‌ಇಡಿ ಸೃಷ್ಟಿಗಾಗಿ ಅಕಾಸಾಕಿ, ಅಮಾನೊ ಮತ್ತು ನಕಾಮುರ ಅವರಿಗೆ 2014ರ ಭೌತಶಾಸ್ತ್ರ ನೊಬೆಲ್ ಸಂದಿತು.

ರಕ್ತದ ಗುಂಪಿನ ತೊಡಕು

ಆರ್‌ಎಚ್ ನೆಗೆಟಿವ್ ತಾಯಿಯ ಗರ್ಭದಲ್ಲಿ ಆರ್‌ಎಚ್ ಪಾಸಿಟಿವ್ ಶಿಶುವಿದ್ದಾಗ, ತಾಯಿಯ ದೇಹದಲ್ಲಿ ಹುಟ್ಟಿದ ಪ್ರತಿಕಾಯಗಳು ಮುಂದಿನ ಗರ್ಭದ ಶಿಶುವಿನ ರಕ್ತಕಣಗಳನ್ನು ಒಡೆಯಬಹುದು. 1940ರ ದಶಕದಲ್ಲಿ ಶಿಶುವಿನ ರಕ್ತವನ್ನೇ ಹಂತಹಂತವಾಗಿ ಬದಲಿಸುವ ರಕ್ತ ವಿನಿಮಯ ಚಿಕಿತ್ಸೆ ಬಂತು. ರೋಗವನ್ನೇ ತಡೆಯುವ ದಾರಿ ತೆರೆದದ್ದು 1960ರ ದಶಕದಲ್ಲಿ, ಲಿವರ್‌ಪೂಲ್ ಮತ್ತು ನ್ಯೂಯಾರ್ಕ್‌ನ ತಂಡಗಳಿಂದ. ಲಿವರ್‌ಪೂಲ್ ತಂಡದ ಸಿರಿಲ್ ಕ್ಲಾರ್ಕ್ ವೈದ್ಯರಾಗಿದ್ದರೂ ಚಿಟ್ಟೆಗಳನ್ನು ಸಾಕಿ, ಫಿಲಿಪ್ ಶೆಪರ್ಡ್ ಜೊತೆಗೂಡಿ ಅವುಗಳ ಅನುಕರಣ ಬಣ್ಣಗಳ ಅನುವಂಶೀಯತೆಯನ್ನು ಅಭ್ಯಸಿಸುತ್ತಿದ್ದವರು. ಆ ತಳಿವಿಜ್ಞಾನದ ಆಸಕ್ತಿಯೇ ಅವರನ್ನು ರಕ್ತದ ಗುಂಪುಗಳತ್ತ ಒಯ್ದಿತು. ಹೆರಿಗೆಯಾದ 72 ಗಂಟೆಯೊಳಗೆ ತಾಯಿಗೆ ಕೊಡುವ ಆಂಟಿ-ಡಿ ಚುಚ್ಚುಮದ್ದು ಈ ಸಂಶೋಧನೆಯ ಫಲ.

ವಿಕಾಸದ ದೃಷ್ಟಿಯಲ್ಲಿ

ಪಕ್ಷಿಗಳು ಮತ್ತು ಬಹುತೇಕ ಸರೀಸೃಪಗಳು ಹೀಮ್‌ನ ತ್ಯಾಜ್ಯವನ್ನು ಮುಖ್ಯವಾಗಿ ಬಿಲಿವರ್ಡಿನ್ ಆಗಿಯೇ ಹೊರಹಾಕುತ್ತವೆ. ಅದು ನೀರಿನಲ್ಲಿ ಕರಗುವುದರಿಂದ ಕೆಲಸ ಸುಲಭ. ಸಸ್ತನಿಗಳು ಶಕ್ತಿ ವ್ಯಯಿಸಿ ಅದನ್ನು ಕರಗದ, ಹೆಚ್ಚಾದರೆ ವಿಷವಾಗುವ ಬಿಲಿರುಬಿನ್ ಆಗಿ ಏಕೆ ಬದಲಿಸುತ್ತವೆ? ಕೊಬ್ಬಿನಲ್ಲಿ ಕರಗುವ ಬಿಲಿರುಬಿನ್ ಮಾಸನ್ನು ದಾಟಿ ತಾಯಿಯ ದೇಹ ಸೇರಬಲ್ಲದು ಎಂಬುದು ಒಂದು ವಿವರಣೆ. ಬಿಲಿರುಬಿನ್ ಪ್ರಬಲ ಉತ್ಕರ್ಷಣ ನಿರೋಧಕವೆಂದು ರೋಲಾಂಡ್ ಸ್ಟಾಕರ್, ಬ್ರೂಸ್ ಏಮ್ಸ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಗರ್ಭದಿಂದ ಹೊರಬಂದು ಒಮ್ಮೆಲೇ ಹೆಚ್ಚು ಆಮ್ಲಜನಕಕ್ಕೆ ಒಡ್ಡಿಕೊಳ್ಳುವ ಶಿಶುವಿಗೆ ಇದು ರಕ್ಷಣೆಯಾಗಿರಬಹುದು ಎಂಬುದು ಇನ್ನೊಂದು ವಿವರಣೆ. ಎರಡೂ ಇನ್ನೂ ಊಹೆಯ ಹಂತದಲ್ಲಿವೆ.

ಜಿ6ಪಿಡಿ ಕಿಣ್ವದ ಕೊರತೆಯ ವಿಷಯದಲ್ಲಿ ಪುರಾವೆ ಗಟ್ಟಿಯಾಗಿದೆ. ಈ ಅನುವಂಶೀಯ ಕೊರತೆ ಮಲೇರಿಯಾದಿಂದ ಒಂದಷ್ಟು ರಕ್ಷಣೆ ಕೊಡುವುದರಿಂದ ಆಫ್ರಿಕ, ಮೆಡಿಟರೇನಿಯನ್ ತೀರ, ಭಾರತ ಸೇರಿದಂತೆ ಮಲೇರಿಯಾ ಕಾಡಿದ ನಾಡುಗಳಲ್ಲಿ ಉಳಿದು ಬೆಳೆದಿದೆ. ಆದರೆ ಇಂಥ ಶಿಶುವಿನ ರಕ್ತಕಣಗಳು ಕೆಲವು ಔಷಧಿಗಳಿಂದ, ನ್ಯಾಫ್ತಲೀನ್ ನುಸಿಗುಳಿಗೆಯ ಆವಿಯಿಂದಲೂ ಒಡೆದು ಕಾಮಾಲೆ ಏಕಾಏಕಿ ಏರಬಹುದು. ನುಸಿಗುಳಿಗೆಯೊಂದಿಗೆ ಪೆಟ್ಟಿಗೆಯಲ್ಲಿಟ್ಟ ಬಟ್ಟೆಯನ್ನು ಕೂಸಿಗೆ ತೊಡಿಸಬಾರದೆಂಬ ಸಲಹೆಗೆ ಇದೇ ಆಧಾರ.

ಬೆಳವಣಿಗೆಯ ಅಧ್ಯಯನಗಳು

ಚಿಕಿತ್ಸೆ ಪಡೆದ ಮಕ್ಕಳು ಮುಂದೆ ಹೇಗೆ ಬೆಳೆಯುತ್ತಾರೆ ಎಂಬುದಕ್ಕೆ ವರ್ಷಗಟ್ಟಲೆಯ ಅನುಸರಣೆ ಬೇಕು. ರಕ್ತದ ಪ್ರತಿ ಡೆಸಿಲೀಟರಿಗೆ 25 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿನ ಬಿಲಿರುಬಿನ್ ಇದ್ದ 140 ಶಿಶುಗಳ ಅಧ್ಯಯನವನ್ನು ಥಾಮಸ್ ನ್ಯೂಮನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದರು. ಬೆಳಕಿನ ಚಿಕಿತ್ಸೆ ಅಥವಾ ರಕ್ತ ವಿನಿಮಯ ಪಡೆದ ಈ ಮಕ್ಕಳ ನರ ಬೆಳವಣಿಗೆ ಒಟ್ಟಾರೆಯಾಗಿ ಇತರ ಮಕ್ಕಳಿಗಿಂತ ಹಿಂದೆ ಬಿದ್ದಿರಲಿಲ್ಲ. ಒಂದು ಕಿಲೋಗ್ರಾಂ ಮೀರದ 1,974 ಶಿಶುಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ, ಬೇಗನೆ ಆರಂಭಿಸಿದ ಬೆಳಕಿನ ಚಿಕಿತ್ಸೆಯಿಂದ ನರ ಬೆಳವಣಿಗೆಯ ದೋಷ ತಗ್ಗಿತು, ಸಾವಿನ ಪ್ರಮಾಣ ತಗ್ಗಲಿಲ್ಲ. ಅತಿ ಚಿಕ್ಕ ಶಿಶುಗಳಲ್ಲಿ ತೀವ್ರ ಬೆಳಕು ಅಪಾಯ ತರಬಹುದೆಂಬ ಶಂಕೆಯೂ ಎದ್ದಿತು. ಬೆಳಕೂ ಔಷಧಿಯೇ, ಅದಕ್ಕೂ ಪ್ರಮಾಣ ಬೇಕು ಎಂಬುದನ್ನು ಈ ಅಧ್ಯಯನಗಳು ಕಲಿಸಿದವು.

ಮನೆಯ ಆರೈಕೆ ಮತ್ತು ಆಸ್ಪತ್ರೆ

ಬಾಣಂತನದಲ್ಲಿ ಕೂಸನ್ನು ಎಳೆಬಿಸಿಲಿಗೆ ಹಿಡಿಯುವ ರೂಢಿ ಕರ್ನಾಟಕದಲ್ಲಿ ಹಳೆಯದು. ಬಿಸಿಲಿನಲ್ಲಿ ನೀಲಿ ಬೆಳಕು ಇರುವುದು ನಿಜ. ಆದರೆ ಅದರ ತೀವ್ರತೆ ಹತೋಟಿಯಲ್ಲಿರುವುದಿಲ್ಲ. ಜೊತೆಗೆ ನೇರಳಾತೀತ ಕಿರಣವೂ ಶಾಖವೂ ಇರುತ್ತವೆ. ಆದ್ದರಿಂದ ಅದು ಚಿಕಿತ್ಸೆಗೆ ಬದಲಿಯಾಗಲಾರದು. ನೈಜೀರಿಯಾದ ಲಾಗೋಸ್‌ನಲ್ಲಿ ವಿಶೇಷ ಹಾಳೆಗಳಿಂದ ಸೋಸಿದ ಬಿಸಿಲು ದೀಪದಷ್ಟೇ ಫಲಕಾರಿಯೆಂದು 2015ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತಾದರೂ, ಅದು ನಡೆದದ್ದು ಆಸ್ಪತ್ರೆಯ ನಿಗಾದಲ್ಲಿ. ಬರೆ ಹಾಕುವುದು, ಎಳೆಗೂಸಿಗೆ ಸೊಪ್ಪಿನ ರಸ ಕುಡಿಸುವುದು ಬಿಲಿರುಬಿನ್ ಇಳಿಸುವುದಿಲ್ಲ. ಸುಟ್ಟ ಗಾಯ ಸೋಂಕಿಗೆ ದಾರಿ, ಕಳೆದ ಗಂಟೆಗಳು ಮಿದುಳಿಗೆ ನಷ್ಟ.

ಭಾರತದಲ್ಲಿ ಆಶಾ ಕಾರ್ಯಕರ್ತೆಯರು ಮೂರನೆಯ ಮತ್ತು ಏಳನೆಯ ದಿನಗಳಲ್ಲಿ, ಬಳಿಕವೂ ಮನೆಗೆ ಬಂದು ಶಿಶುವನ್ನು ನೋಡುತ್ತಾರೆ. ಜಿಲ್ಲಾ ಆಸ್ಪತ್ರೆಗಳ ನವಜಾತ ಶಿಶು ವಿಶೇಷ ಆರೈಕೆ ಘಟಕಗಳಲ್ಲಿ ಬೆಳಕಿನ ಚಿಕಿತ್ಸೆ ದೊರೆಯುತ್ತದೆ. ಮೊದಲ ದಿನವೇ ಮೈ ಹಳದಿಯಾದರೆ, ಬಣ್ಣ ಅಂಗೈ ಅಂಗಾಲು ತಲುಪಿದರೆ, ಮಗು ಮಂಕಾಗಿ ಹಾಲು ಕುಡಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಎರಡು ವಾರ ಕಳೆದರೂ ಇಳಿಯದ ಕಾಮಾಲೆಯೊಂದಿಗೆ ಮಲ ಸುಣ್ಣದಂತೆ ಬಿಳಿಚಿದ್ದು ಮೂತ್ರ ಗಾಢ ಹಳದಿಯಾಗಿದ್ದರೆ ಪಿತ್ತನಾಳ ಮುಚ್ಚಿರುವ ಸಂಭವವಿದೆ. ಅದಕ್ಕೆ ಬೆಳಕಿನ ಚಿಕಿತ್ಸೆ ನೆರವಾಗದು. ಎರಡು ತಿಂಗಳು ತುಂಬುವ ಮೊದಲೇ ಶಸ್ತ್ರಚಿಕಿತ್ಸೆಯಾದರೆ ಫಲ ಹೆಚ್ಚು.